ಕಟ್ಟಿಹಾಕಿದ ಚಕ್ರ, ಓಡಿದ ಮುಳ್ಳು

"ಹತ್ತು ಬೈಕ್ ಸೇರಿಸ್ಕೊಡಿ, ಬರ್ತೀನಿ. ಒಂಬತ್ತಾದ್ರೆ ನನ್ನ ಲಾರಿ ಜಾಗ ಬಿಟ್ಟು ಕದಲಲ್ಲ," ಎಂದಿದ್ದರು ಡೈನೋ ಮೇಷ್ಟ್ರು ಫೋನಿನಲ್ಲಿ.

ಅಂದಿನಿಂದ ಅಕ್ಕನಿಗೆ ಆ ಹತ್ತರದೇ ಧ್ಯಾನ. ತನ್ನ ಜೆರಾಕ್ಸ್ ಅಂಗಡಿಯಲ್ಲಿ ಹಾಳೆ ತಿರುವುತ್ತಲೇ ಬಂದವರನ್ನೆಲ್ಲ ಮಾತಿಗೆಳೆಯುತ್ತಿದ್ದಳು. ಹೆಲ್ಮೆಟ್ ಹಿಡಿದು ಬಂದವನು ಸಿಕ್ಕನೆಂದರೆ ಮುಗಿಯಿತು, ಅವನ ಗುರುತಿನ ಚೀಟಿಯ ನಕಲು ಕೈಗೆ ಸಿಗುವುದರೊಳಗೆ ಹೆಸರು ಪಟ್ಟಿಗೆ ಏರಿರುತ್ತಿತ್ತು. ಊರಿನ ಬೈಕ್ ಹುಚ್ಚರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುವುದು. ಅವಳಿಗಿಂತ ಹದಿನೈದು ವರ್ಷ ದೊಡ್ಡವನಾದ ಮೈಲೇಜ್ ಮಾಮನೂ ಹಾಗೆಯೇ ಕರೆಯುತ್ತಿದ್ದ. ಈ ಮಾಮ ಯಾವ ಬೈಕು ಕಂಡರೂ ಮೊದಲು ಕೇಳುವ ಪ್ರಶ್ನೆ, "ಲೀಟರಿಗೆ ಎಷ್ಟು ಕೊಡುತ್ತೆ?" ಹೆಣ ಸಾಗಿಸುವ ಗಾಡಿ ನಿಂತರೂ ಅದನ್ನೇ ಕೇಳುತ್ತಾನೆಂದು ಅದೇ ಗುಂಪಿನ ಹಲ್ಲಿನ ಡಾಕ್ಟರು ಗೇಲಿ ಮಾಡುತ್ತಿದ್ದರು.

ಡೈನೋ ಎಂದರೆ ನಿಂತಲ್ಲೇ ಓಡುವ ರಸ್ತೆ. ಬೈಕಿನ ಮುಂದಿನ ಚಕ್ರವನ್ನು ಕಬ್ಬಿಣದ ಕವೆಗೆ ಸಿಕ್ಕಿಸಿ ಬೆಲ್ಟು ಬಿಗಿಯುತ್ತಾರೆ. ಹಿಂದಿನ ಚಕ್ರ ದೊಡ್ಡದೊಂದು ಉಕ್ಕಿನ ರೋಲರ್ ಮೇಲೆ ಕೂರುತ್ತದೆ. ಎಕ್ಸಲರೇಟರ್ ಕೊಟ್ಟರೆ ರೋಲರ್ ತಿರುಗುತ್ತದೆ, ಬೈಕು ಒಂದು ಗೇಣೂ ಮುಂದೆ ಹೋಗುವುದಿಲ್ಲ. ಎಂಜಿನ್ ಎಷ್ಟು ಶಕ್ತಿ ಕೊಡುತ್ತಿದೆ, ಒಳಗೆ ಗಾಳಿ ಎಷ್ಟು ಪೆಟ್ರೋಲು ಎಷ್ಟು ಸೇರುತ್ತಿದೆ ಎಂದು ಪಕ್ಕದ ಪರದೆ ಹೇಳಿಬಿಡುತ್ತದೆ.

ಆ ಕೊನೆಯ ಮಾತಿಗಾಗಿಯೇ ಅಕ್ಕ ಇಷ್ಟೆಲ್ಲ ಓಡಾಡಿದ್ದು. ಆದರೆ ಅದು ಅವಳೊಬ್ಬಳಿಗೇ ಗೊತ್ತಿದ್ದ ಸಂಗತಿ.

ನಾಲ್ಕು ವರ್ಷದ ಹಿಂದೆ ಅವಳ ತಮ್ಮ ತನ್ನ ಹಳೆಯ ಟೂ-ಸ್ಟ್ರೋಕ್ ಬೈಕಿನಲ್ಲಿ ಹೋದವನು ಸೇತುವೆಯ ತಿರುವಿನಲ್ಲಿ ಬಿದ್ದು ಸತ್ತ. ನೋಡಿದವರಿಲ್ಲ. ಜೋರಾಗಿ ಬಂದು ಜಾರಿರಬೇಕು ಎಂದು ಪೊಲೀಸರು ಬರೆದುಕೊಂಡರು. ಅಮ್ಮ ಅದನ್ನೇ ಮನಸ್ಸಿಗೆ ಹಚ್ಚಿಕೊಂಡಳು. ಅವನ ಫೋಟೊ ಗೋಡೆಗೆ ಹಾಕಲು ಬಿಡಲಿಲ್ಲ. "ಬೇಡ ಬೇಡ ಅಂದ್ರೂ ಜೋರಾಗಿ ಹೋಗಿ ಸತ್ತವನ ಮುಖ ದಿನಾ ಯಾಕೆ ನೋಡ್ಲಿ?" ಎಂದಳು. ಸತ್ತ ಮಗನ ಮೇಲೆ ಅಷ್ಟು ಸಿಟ್ಟಿಟ್ಟುಕೊಂಡ ತಾಯಿಯನ್ನು ಅಕ್ಕ ಬೇರೆಲ್ಲೂ ಕಂಡಿರಲಿಲ್ಲ.

ಅಮ್ಮನಿಗೆ ಗೊತ್ತಿಲ್ಲದ್ದು ಬೇರೆಯೇ ಇತ್ತು. ತಮ್ಮ ಸಾಯುವ ಹಿಂದಿನ ವಾರ ಅಕ್ಕ ಆ ಬೈಕಿನ ಕಾರ್ಬುರೇಟರ್ ಬಿಚ್ಚಿ ಜೆಟ್ ಬದಲಾಯಿಸಿದ್ದಳು. ಪೆಟ್ರೋಲು ಹಾದುಹೋಗುವ ಹಿತ್ತಾಳೆಯ ಪುಟ್ಟ ತಿರುಪು ಅದು, ನಡುವೆ ಸೂಜಿ ಮೊನೆಯಷ್ಟು ತೂತು. ತೂತು ಚಿಕ್ಕದಾದರೆ ಪೆಟ್ರೋಲು ಉಳಿಯುತ್ತದೆ, ನಿಜ. ತೀರಾ ಚಿಕ್ಕದಾದರೆ ಎಂಜಿನ್ ಕಾದು ಕಾದು, ಓಡುತ್ತಿರುವಾಗಲೇ ಹಿಡಿದುಕೊಳ್ಳುತ್ತದೆ. ಹಿಂದಿನ ಚಕ್ರ ಗಕ್ಕನೆ ನಿಲ್ಲುತ್ತದೆ. ಮೇಲೆ ಕೂತವನನ್ನು ಎತ್ತಿ ಒಗೆಯುತ್ತದೆ.

"ಏನೇ ಮಾಡ್ದೆ ನನ್ ಗಾಡಿಗೆ?" ಎಂದು ತಮ್ಮ ಕೇಳಿದ್ದ.

"ನಿಂಗ್ಯಾಕೋ ಅದೆಲ್ಲ? ಓಡ್ಸೋದು ನಿನ್ ಕೆಲ್ಸ, ರಿಪೇರಿ ನನ್ ಕೆಲ್ಸ."

ನಾಲ್ಕು ವರ್ಷ ಅಕ್ಕ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಜೋರಾಗಿ ಹೋದ ಎಂಬ ಬೈಗುಳವನ್ನು ಸತ್ತವನ ಮೇಲೆಯೇ ಬಿಟ್ಟಿದ್ದಳು. ತನ್ನ ಜೆಟ್ ಅವನನ್ನು ಕೊಂದಿತೋ ಇಲ್ಲವೋ, ಅದೊಂದು ಅವಳಿಗೆ ತಿಳಿಯಬೇಕಿತ್ತು. ಒಬ್ಬಳ ಬೈಕಿಗಾಗಿ ಡೈನೋ ಬರುವುದಿಲ್ಲ. ತರಿಸಬೇಕೆಂದರೆ ಹತ್ತು ಬೈಕು ಬೇಕು. ಒಂಬತ್ತು ಹೆಸರು ಸಿಕ್ಕ ಮೇಲೆ ಹತ್ತನೆಯ ಗೆರೆಯಲ್ಲಿ ತಮ್ಮನ ಬೈಕಿನ ನಂಬರು ಬರೆದಳು.

ಆ ಭಾನುವಾರ ಹಳೆಯ ಗೋದಾಮಿನಲ್ಲಿ ಜಾತ್ರೆಯಂಥ ಗದ್ದಲ. ಲಾರಿಯಿಂದ ಡೈನೋ ಇಳಿಯಿತು. ಒಬ್ಬೊಬ್ಬರಿಗೆ ಇಪ್ಪತ್ತೈದು ನಿಮಿಷ, ಸರದಿಯ ಪಟ್ಟಿ ಗೋಡೆಯ ಮೇಲೆ. ಹಲ್ಲಿನ ಡಾಕ್ಟರ ಹೊಸ ಬೈಕು ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಶಕ್ತಿ ತೋರಿಸಿದಾಗ ಎಲ್ಲರೂ ಹೋ ಎಂದು ಕೂಗಿದರು.

"ಡಾಕ್ಟ್ರೇ, ಹುಳುಕು ಎಲ್ಲಿದೆ ನೋಡಿ, ಕೀಳ್ಬಿಡೋಣ!"

"ಮೊದ್ಲು ನಿನ್ ದವಡೆ ಹಲ್ಲು ಕೀಳ್ತೀನಿ, ಬಾಯ್ಮುಚ್ಚು."

ಮೈಲೇಜ್ ಮಾಮ ಮೇಷ್ಟ್ರ ಪಕ್ಕದಲ್ಲೇ ನಿಂತು, ರೋಲರ್ ಮೇಲೆ ಓಡಿದ್ದಕ್ಕೆ ಲೀಟರಿಗೆ ಎಷ್ಟು ಬಂತು ಎಂದು ಕೇಳಿ ಬೈಸಿಕೊಂಡ.

ಮಧ್ಯಾಹ್ನ ನಾಲ್ಕಕ್ಕೆ ಹತ್ತನೆಯ ಬೈಕು ಬಂತು. ಕನ್ನಡಿ ಒಡೆದಿತ್ತು, ಕಾಲಿಡುವ ಕಡ್ಡಿ ಬಾಗಿತ್ತು. ಟ್ಯಾಂಕು ತೊಳೆದು ಹೊಸ ಪೆಟ್ರೋಲು ತುಂಬಿದ್ದಳು, ಹೊಸ ಪ್ಲಗ್ ಹಾಕಿದ್ದಳು. ಜೆಟ್ ಮಾತ್ರ ಅದೇ. ಯಾರದೆಂದು ಗೊತ್ತಾಗಿ ಗದ್ದಲ ತಾನಾಗಿಯೇ ತಗ್ಗಿತು. ಮೇಷ್ಟ್ರು ಮುಂದಿನ ಚಕ್ರವನ್ನು ಕವೆಗೆ ಸಿಕ್ಕಿಸಿ ಬೆಲ್ಟು ಬಿಗಿದರು, ಹತ್ತಿ ಕೂತು ಒದ್ದರು. ಎರಡನೆಯ ಒದೆತಕ್ಕೆ ಎಂಜಿನ್ ಎದ್ದಿತು, ನಿನ್ನೆಯಷ್ಟೇ ನಿಲ್ಲಿಸಿದ ಗಾಡಿಯಂತೆ.

"ನ್ಯೂಟ್ರಲ್‌ನಲ್ಲಿ ಐದು ನಿಮಿಷ ಬಿಸಿಯಾಗ್ಲಿ," ಎಂದರು.

ಮೊದಲು ನೋಡಿದ್ದು ಡಾಕ್ಟರು. "ಮೇಷ್ಟ್ರೇ, ಸ್ಪೀಡೋಮೀಟರ್ ಇಪ್ಪತ್ತು ತೋರಿಸ್ತಿದೆ."

ಮೇಷ್ಟ್ರು ಗಾಜಿನ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದರು. ಹಳೆಯ ಬೈಕುಗಳಲ್ಲಿ ಸ್ಪೀಡೋಮೀಟರಿನ ತಂತಿ ಹೊರಡುವುದು ಮುಂದಿನ ಚಕ್ರದಿಂದ. ಆ ಚಕ್ರ ತಿರುಗಿದರೆ ಮಾತ್ರ ಮುಳ್ಳು ಏಳುತ್ತದೆ. ಚಕ್ರವೋ ಬೆಲ್ಟಿನಲ್ಲಿ ಬಿಗಿದು ಕೂತಿತ್ತು. ಮುಳ್ಳು ಇಪ್ಪತ್ತರಿಂದ ಸೊನ್ನೆಗೆ ಬಂತು. ಕ್ಷಣ ನಿಂತಿತು. ಮತ್ತೆ ಎದ್ದು ಮೂವತ್ತಕ್ಕೆ ಹೋಯಿತು.

"ಎಲ್ಲೋ ಸಿಕ್ಕಾಕ್ಕೊಂಡಿದೆ," ಎಂದ ಮಾಮ.

"ಸಿಕ್ಕಾಕ್ಕೊಂಡಿದ್ರೆ ಒಂದೇ ಕಡೆ ಇರ್ಬೇಕಲ್ಲ ಮಾರಾಯ?"

ಹಾಗೆನ್ನುತ್ತಲೇ ಡಾಕ್ಟರು ಕುಕ್ಕರಗಾಲಲ್ಲಿ ಕೂತು ಚಕ್ರದ ಬುಡದಲ್ಲಿ ತಂತಿಯನ್ನು ಬಿಚ್ಚಿ ಕೈಗೆ ತೆಗೆದುಕೊಂಡರು. ತಂತಿ ಅಂಗೈಯಲ್ಲಿ ಸತ್ತ ಹುಳುವಿನಂತೆ ಅಲುಗದೆ ಬಿದ್ದಿತ್ತು. ಮೇಲೆ ಮುಳ್ಳು ಮಾತ್ರ ಹತ್ತಕ್ಕಿಳಿಯಿತು, ಇಪ್ಪತ್ತೈದಾಯಿತು, ಮತ್ತೆ ಹತ್ತಕ್ಕಿಳಿಯಿತು. ಕೆಳಗಿನ ಕಿಂಡಿಯಲ್ಲಿ ಕಿಲೋಮೀಟರಿನ ಅಂಕಿ ಮೆಲ್ಲಗೆ ಹೊರಳಿತು.

ಅಕ್ಕ ಮುಳ್ಳಿನ ಹತ್ತಿರಕ್ಕೆ ಬಾಗಿದಳು. ಆ ಏರಿಳಿತ ಯಾವ ದಾರಿಯದೆಂದು ಅವಳಿಗೆ ಲೆಕ್ಕ ಹಾಕದೆಯೇ ಹೊಳೆದುಹೋಗಿತ್ತು.

"ಆಗ ಸೊನ್ನೆಗೆ ನಿಂತಿದ್ದು ನಮ್ಮ ಗಲ್ಲಿ ಬಾಯಿ," ಎಂದಳು. "ನನ್ ತಮ್ಮ ಅಲ್ಲಿ ನಿಲ್ಲಿಸಿ ಎರಡೂ ಕಡೆ ನೋಡ್ತಾನೆ. ಆಮೇಲೆ ಶಾಲೆ ಮುಂದಿನ ಎರಡು ಹಂಪು. ಈಗ... ಈಗ ನೀರಿನ ಟ್ಯಾಂಕಿನ ಹತ್ರ ತಿರುಗ್ಬೇಕು."

ಮುಳ್ಳು ಹದಿನೈದಕ್ಕೆ ಇಳಿಯಿತು, ತಿರುಗುವವರು ವೇಗ ಇಳಿಸುವ ಹಾಗೆ. ಆಮೇಲೆ ಏರತೊಡಗಿತು.

 ಅಷ್ಟೊಂದು ಜನ ಅಷ್ಟು ಬೆಳಕಿನಲ್ಲಿ ಹೀಗೆ ಹೆದರಿ ನಿಂತದ್ದನ್ನು ಅಕ್ಕ ಜನ್ಮದಲ್ಲಿ ಕಂಡಿರಲಿಲ್ಲ. ಮಾಮ ತನ್ನ ಹೆಲ್ಮೆಟ್ಟನ್ನು ನೆಲಕ್ಕಿಟ್ಟು ಅದರ ಮೇಲೇ ಕೂತುಬಿಟ್ಟ.

"ಅಕ್ಕಾ, ಆಫ್ ಮಾಡ್ತೀನಿ," ಎಂದರು ಮೇಷ್ಟ್ರು. ಅವರ ಕೈ ಆಗಲೇ ಕೀ ಮೇಲಿತ್ತು.

"ಬೇಡಿ. ಕೈ ಮುಗೀತೀನಿ, ಬೇಡಿ. ಮುಂದೆ ನೇರ ರಸ್ತೆ ಇದೆ. ಅವನು ಹೋದ ಹಾಗೇ ನೀವೂ ಓಡ್ಸಿ. ಪರದೆ ಏನು ಹೇಳುತ್ತೆ ನಂಗೆ ಗೊತ್ತಾಗ್ಬೇಕು."

ಮೇಷ್ಟ್ರು ಅವಳ ಮುಖವನ್ನೊಮ್ಮೆ ನೋಡಿ ಗೇರ್ ಹಾಕಿದರು. ರೋಲರ್ ಗುಂಯ್ ಎಂದು ತಿರುಗಿತು. ಮುಳ್ಳು ನಲವತ್ತೆಂದರೆ ಅವರೂ ನಲವತ್ತು, ಐವತ್ತೆಂದರೆ ಐವತ್ತು. ಅರವತ್ತಕ್ಕೆ ಹೋಗಿ ಮುಳ್ಳು ನಿಂತಿತು. ಅಕ್ಕ ಪರದೆಯ ಕಡೆ ತಿರುಗಿದಳು. ಪೆಟ್ರೋಲಿಗಿಂತ ಗಾಳಿ ಹೆಚ್ಚಾದಷ್ಟೂ ಮೇಲೇರುವ ಅಂಕಿಯೊಂದು ಅಲ್ಲಿತ್ತು. ಹದಿಮೂರಿದ್ದರೆ ಕ್ಷೇಮ. ಹದಿನಾಲ್ಕಾಯಿತು. ಹದಿನೈದಾಯಿತು. ಎಂಜಿನ್ನಿನ ದನಿ ತೆಳ್ಳಗಾಗಿ, ಒಣಗಿದ ಗಂಟಲಿನಿಂದ ಬಂದಂತೆ ಕೇಳಿಸಿತು. ಹದಿನಾರು.

"ಪೆಟ್ರೋಲೇ ಸಾಕಾಗ್ತಿಲ್ಲ ಇದಕ್ಕೆ!" ಮೇಷ್ಟ್ರು ಕೂಗಿ, ನಿಲ್ಲಿಸುತ್ತೇನೆಂದು ಎಡಗೈ ಮೇಲೆತ್ತಿದರು.

ಆಗಲೇ ಎಂಜಿನ್ ಕಿರ್ರೆಂದು ಹಿಡಿದುಕೊಂಡಿತು. ಅದೇ ಗಳಿಗೆಯಲ್ಲಿ ಎಡಗಡೆಯ ಕ್ಲಚ್ ಹಿಡಿ ತಾನೇ ಒಳಕ್ಕೆ ಒತ್ತಿಕೊಂಡಿತು. ಮೇಷ್ಟ್ರ ಎಡಗೈ ಇನ್ನೂ ಗಾಳಿಯಲ್ಲೇ ಇತ್ತು. ಎಲ್ಲರೂ ನೋಡಿದರು. ಹಿಂದಿನ ಚಕ್ರ ಲಾಕ್ ಆಗಲಿಲ್ಲ, ಎಂಜಿನ್ನಿನ ಹಂಗು ಬಿಟ್ಟು ರೋಲರ್ ಮೇಲೆ ಸಲೀಸಾಗಿ ಉರುಳಿತು. ಮುಳ್ಳು ಐವತ್ತು, ನಲವತ್ತು, ಇಪ್ಪತ್ತು ಎಂದು ನಿಧಾನವಾಗಿ ಇಳಿಯಿತು, ಗಾಡಿಯನ್ನು ಪುಸಲಾಯಿಸಿ ರಸ್ತೆ ಬದಿಗೆ ತರುವವರಂತೆ. ಸೊನ್ನೆಗೆ ಬಂದ ಮೇಲೆ ಕ್ಲಚ್ ಹಿಡಿ ಟಕ್ಕೆಂದು ಬಿಟ್ಟುಕೊಂಡಿತು.

ಮೇಷ್ಟ್ರು ಧುಮುಕಿದರು. "ನಾನು ಕ್ಲಚ್ ಮುಟ್ಟಿಲ್ಲ," ಎಂದರು. "ಆಣೆಗೂ ಮುಟ್ಟಿಲ್ಲ." ಕೀ ತೆಗೆದು ಪರದೆಯ ಮೇಜಿನ ಮೇಲೆ ಎಸೆದರು. ಆಮೇಲೆ, ಸುಮ್ಮನಿರಲಾಗದೆ ಎಂಬಂತೆ, "ಜೆಟ್ ಚಿಕ್ಕದಾಯ್ತು ಅಕ್ಕ. ಯಾವನೋ ಮುಠ್ಠಾಳ ಹಾಕಿದಾನೆ," ಎಂದರು.

"ನಾನೇ ಹಾಕಿದ್ದು."

ಒಂಬತ್ತು ಜನರ ಎದುರು ಆ ಮಾತು ಅಷ್ಟು ಸುಲಭವಾಗಿ ಹೊರಗೆ ಬಂದದ್ದು ಅವಳಿಗೇ ಆಶ್ಚರ್ಯ.

ಮಾಮ ಕೂತಲ್ಲಿಂದ ತಲೆಯೆತ್ತಲಿಲ್ಲ. "ಚಿಕ್ಕ ಜೆಟ್ ಹಾಕಿದ್ರೆ ಐದು ಕಿಲೋಮೀಟರ್ ಜಾಸ್ತಿ ಕೊಡುತ್ತೆ ಅಂತ ನಿಂಗೆ ಹೇಳ್ಕೊಟ್ಟೋನು ನಾನಲ್ವೇನಮ್ಮ?"

"ಹೇಳಿದ್ದು ನೀವು, ತಿರುಪು ತಿರುಗ್ಸಿದ್ದು ನಾನು. ಬಿಡಿ ಮಾಮ."

ಡಾಕ್ಟರು ಅವಳ ಹೆಗಲು ಮುಟ್ಟಿದರು. "ನಡಿಯಮ್ಮ, ಆಚೆ ಹೋಗೋಣ. ಮುಗೀತು."

"ಮುಗಿದಿಲ್ಲ," ಎಂದಳು ಅಕ್ಕ. ಅವಳ ಕಣ್ಣು ಅಂಕಿಯ ಕಿಂಡಿಯ ಮೇಲಿತ್ತು. "ಮನೆಯಿಂದ ಸೇತುವೆಗೆ ಏಳು ಕಿಲೋಮೀಟರ್. ಇಲ್ಲಿ ಐದೇ ಆಗಿದೆ. ಇಟ್ಟಿಗೆ ಗೂಡಿನ ಹತ್ರ ನಿಂತಿದಾನೆ ಇವ್ನು. ಸೇತುವೆಗೆ ಇನ್ನೂ ಎರಡು ಇದೆ."

ಎಂಜಿನ್ ಸತ್ತಿತ್ತು. ಕೀ ಮೇಜಿನ ಮೇಲಿತ್ತು. ಸೀಟಿನ ಮೇಲೆ ಯಾರೂ ಇರಲಿಲ್ಲ. ಬಿಸಿ ಲೋಹ ಆರುವಾಗಿನ ಟಿಕ್ ಟಿಕ್ ಮಾತ್ರ ಕೇಳುತ್ತಿತ್ತು. ಹಿಡಿದುಕೊಂಡ ಎಂಜಿನ್ ಆರಿದ ಮೇಲೆ ಬಿಟ್ಟುಕೊಳ್ಳುತ್ತದೆ, ಕಾದರೆ ಸಾಕು. ಎಷ್ಟು ಹೊತ್ತಾಯಿತೋ, ಹೋಗುವ ಧೈರ್ಯವೂ ಇಲ್ಲದೆ ಇರುವ ಧೈರ್ಯವೂ ಇಲ್ಲದೆ ಎಲ್ಲರೂ ನಿಂತೇ ಇದ್ದರು. ಟಿಕ್ ಟಿಕ್ ನಿಂತಿತು. ಮುಳ್ಳು ಎದ್ದಿತು.

ಇಪ್ಪತ್ತು. ಇಪ್ಪತ್ತೈದು. ಮೂವತ್ತು. ಅಲ್ಲೇ ನಿಂತಿತು. ಬಲಗಡೆಯ ಎಕ್ಸಲರೇಟರ್ ಹಿಡಿ ಒಂದಿಷ್ಟು ತಿರುಗಿ ಸಡಿಲಾಗುತ್ತಿತ್ತು, ಮತ್ತೆ ಒಂದಿಷ್ಟು ತಿರುಗಿ ಸಡಿಲಾಗುತ್ತಿತ್ತು. ಜ್ವರ ಬಂದ ಮಗುವನ್ನು ನಡೆಸಿಕೊಂಡು ಹೋಗುವವರ ಕೈ ಹಾಗೆ.

"ಎಂಜಿನ್ ಹಿಡ್ಕೊಂಡಿದ್ದು ಅವನಿಗೆ ಗೊತ್ತಾಗಿದೆ," ಮೇಷ್ಟ್ರು ಪಿಸುಗುಟ್ಟಿದರು. "ಎರಡು ಬೆರಳು ಕ್ಲಚ್ ಮೇಲಿಟ್ಕೊಂಡೇ ಹೋಗ್ತಿದಾನೆ ನೋಡಿ." ನಿಜ. ಕ್ಲಚ್ ಹಿಡಿ ಕೂದಲೆಳೆಯಷ್ಟು ಒಳಕ್ಕೆ ಬಾಗಿ ನಡುಗುತ್ತಿತ್ತು.

ನಾಲ್ಕು ನಿಮಿಷ. ಆ ನಾಲ್ಕು ನಿಮಿಷವೂ ಮುಳ್ಳು ಮೂವತ್ತನ್ನು ದಾಟಲಿಲ್ಲ. ಈ ಎರಡು ಕಿಲೋಮೀಟರ್ ಉದ್ದಕ್ಕೂ ನನಗೆ ಸಹಸ್ರನಾಮ ಮಾಡಿರುತ್ತಾನೆ, ಎಂದುಕೊಂಡಳು ಅಕ್ಕ. ಮನೆಗೆ ಹೋದ ಮೇಲೆ ಅವಳ ಕೈಗೆ ಇನ್ನು ಸ್ಕ್ರೂ ಡ್ರೈವರ್ ಕೊಟ್ಟರೆ ಕೇಳು ಅಂದಿರುತ್ತಾನೆ. ಅವನ ದನಿ ಕಿವಿಯ ಪಕ್ಕದಲ್ಲೇ ಇದ್ದಂತಾಯಿತು.

ಅಂಕಿ ಹೊರಳಿತು. ಏಳು.

ಮುಳ್ಳು ಮೂವತ್ತರಿಂದ ಸೊನ್ನೆಗೆ ಬಿದ್ದುಬಿಟ್ಟಿತು. ಇಳಿಯಲಿಲ್ಲ, ಬಿದ್ದಿತು. ಎಕ್ಸಲರೇಟರ್ ಹಿಡಿ ಚಟ್ಟನೆ ಹಿಂದಕ್ಕೆ ಹೊಡೆಯಿತು. ಕವೆಯಲ್ಲಿ ಬಿಗಿದಿದ್ದ ಬೈಕು ಒಮ್ಮೆ ಮೈ ಕೊಡವಿ ಸುಮ್ಮನಾಯಿತು. ಆಮೇಲೆ ಅದು ಬರಿಯ ಕಬ್ಬಿಣ.

ಮೇಷ್ಟ್ರು ಹತ್ತಿರ ಬಂದು ಸೊನ್ನೆಯಲ್ಲಿದ್ದ ಮುಳ್ಳನ್ನು ನೋಡಿದರು. "ಮೂವತ್ತರಲ್ಲಿ, ಕ್ಲಚ್ ಕೈಯಲ್ಲಿಟ್ಕೊಂಡು ಹೋಗೋನನ್ನ ಎಂಜಿನ್ ಬೀಳ್ಸಲ್ಲಮ್ಮ. ಏನೋ ಅಡ್ಡ ಬಂದಿದೆ. ನಾಯಿಯೋ, ಮರಳೋ, ಯಾವುದೋ ಲಾರಿಯೋ. ಅದನ್ನ ಈ ಗಾಡಿ ಹೇಳಲ್ಲ."

"ಇಟ್ಟಿಗೆ ಗೂಡಿನ ಹತ್ರ ನಿಲ್ಲದೇ ಇದ್ದಿದ್ರೆ ಆ ಹೊತ್ತಿಗೆ ಸೇತುವೆ ದಾಟಿರ್ತಿದ್ದ."

ಮೇಷ್ಟ್ರು ಬಾಗಿ ಬೆಲ್ಟಿಗೆ ಕೈಹಾಕಿದರು. 

ಅಕ್ಕ ಗೋದಾಮಿನ ಬಾಗಿಲಿಗೆ ಬಂದು, ಬಿಸಿಲಿನಲ್ಲಿ ನಿಂತು, ಅಮ್ಮನಿಗೆ ಫೋನ್ ಮಾಡಿದಳು.

"ಏನೇ, ಮುಗೀತಾ ನಿನ್ ಬೈಕ್ ಹಬ್ಬ?"

"ಅಮ್ಮಾ, ಅವನು ಜೋರಾಗಿ ಹೋಗ್ತಿರ್ಲಿಲ್ಲ. ಮೂವತ್ತರಲ್ಲಿದ್ದ. ಸೇತುವೆವರೆಗೂ ಮೂವತ್ತೇ."

ಆ ಕಡೆ ಪಾತ್ರೆಯ ಸದ್ದು ನಿಂತಿತು. 

"ಯಾರು ಹೇಳಿದ್ರೇ?"

"ಒಂಬತ್ತು ಜನ ನೋಡಿದಾರಮ್ಮ. ಬೇಕಾದ್ರೆ ಎಲ್ರನ್ನೂ ಕರ್ಕೊಂಡ್ ಬರ್ತೀನಿ."

"ನಾಲ್ಕು ವರ್ಷ..." ಎಂದಳು ಅಮ್ಮ. "ನಾಲ್ಕು ವರ್ಷ ಬೈದ್ನಲ್ಲೇ ನನ್ ಮಗನ್ನ." ದನಿ ಒಡೆಯಿತು. ಆಮೇಲೆ, ಬಹಳ ಮೆಲ್ಲಗೆ, "ಮೂವತ್ತು ಯಾಕೆ? ಅವನೆಲ್ಲಿ ಅಷ್ಟು ನಿಧಾನ ಹೋಗೋನು? ಗಾಡಿಗೇನಾಗಿತ್ತು?"

ಅಮ್ಮ ಕೇಳಿಯೇ ಕೇಳುತ್ತಾಳೆಂದು ಅಕ್ಕನಿಗೆ ಗೊತ್ತಿತ್ತು. ಒಳಗೆ ಮೇಷ್ಟ್ರು ಬೆಲ್ಟು ಬಿಚ್ಚುತ್ತಿದ್ದ ಸದ್ದು ಕೇಳುತ್ತಿತ್ತು. ಉಳಿದವರು ಅವಳ ಬೆನ್ನ ಕಡೆ ನೋಡದೆ ತಂತಮ್ಮ ಗಾಡಿಗಳನ್ನು ಒರೆಸುತ್ತಿದ್ದರು.

"ಕೂತ್ಕೊಂಡಿದೀಯಾ?" ಎಂದಳು.

"ಇಲ್ಲ."

"ಕೂತ್ಕೋ ಅಮ್ಮ. ಅದ್ರಲ್ಲೊಂದು ಜೆಟ್ ಅಂತ ಇರುತ್ತೆ. ಅದನ್ನ ನಾನು ಬದಲಾಯ್ಸಿದ್ದೆ."