ಇಳಿಸಿದ ತಂತಿ

ಲೇತ್ ಅಣ್ಣ ನಡೆದು ಬಂದರೆ ಬೀದಿಗೆ ಬೀದಿಯೇ ಪಕ್ಕಕ್ಕೆ ಸರಿಯಬೇಕಿತ್ತು. ತಲೆ ಮುಂದೆ, ಕಾಲು ಹಿಂದೆ, ಮೊಣಕೈ ಹತ್ತಿರ ಸುಲಿದುಹೋದ ಕಪ್ಪು ಚರ್ಮದ ಕೋಟು ಗಾಳಿಗೆ ಪಟಪಟ. ಸುಡುಬಿಸಿಲಲ್ಲೂ ಅದನ್ನು ಕಳಚಿದವನಲ್ಲ. ದಿನವಿಡೀ ಲೇತ್ ಯಂತ್ರದ ಮುಂದೆ ಕಬ್ಬಿಣ ಕಡೆದು ಅರೆಗಿವುಡನಾದ ಮನುಷ್ಯ, ಸಂಜೆ ಮನೆಗೆ ಬಂದು ಮತ್ತೆ ಕಬ್ಬಿಣದ ಸದ್ದನ್ನೇ ಕೇಳುತ್ತಾನಲ್ಲ ಎಂದು ಹೆಂಡತಿ ಹಣೆ ಚಚ್ಚಿಕೊಳ್ಳುತ್ತಿದ್ದಳು. ಅವನದು ಹೆವಿ ಮೆಟಲ್ ಸಂಗೀತದ ಹುಚ್ಚು. ಅದರಲ್ಲೂ ಒಂದೇ ತಂಡ. ಆ ತಂಡದವರ ಗಡ್ಡವೂ ಇವನ ಗಡ್ಡವೂ ಜೊತೆಜೊತೆಗೇ ನರೆತಿದ್ದವು.

ಹುಚ್ಚಿಗೆ ಪಾಲುದಾರ ಅವನ ತಮ್ಮ, ಗೋಡೆಗೆ ಬಣ್ಣ ಬಳಿಯುವವನು. ಭಾನುವಾರ ಮಧ್ಯಾಹ್ನ ಸ್ಪೀಕರಿನ ಎದುರು ಎರಡು ಮಡಚುವ ಕುರ್ಚಿ ಬಿಡಿಸಿ ಕೂತರೆಂದರೆ ಜಗಳ ಶುರು. ಮೊದಮೊದಲ ಆಲ್ಬಮ್‌ಗಳ ಬಗ್ಗೆ ಇಬ್ಬರಿಗೂ ತಕರಾರಿಲ್ಲ; ಈಚಿನವುಗಳದ್ದೇ ವ್ಯಾಜ್ಯ. ಹಾಡುವವನ ಗಂಟಲು ಮೇಲಕ್ಕೆ ಏರದಾದಾಗ ಉಳಿದವರು ಗಿಟಾರಿನ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೇ ಇಳಿಸಿಕೊಂಡಿದ್ದರು.

“ಇದೂ ಒಂದು ಹಾಡೇನಣ್ಣ? ಗೂರಲು ರೋಗಿ ಮೆಟ್ಲು ಹತ್ತಿದ ಹಾಗಿದೆ. ಇವರು ಆವಾಗ್ಲೇ ನಿಲ್ಲಿಸ್ಬೇಕಿತ್ತು,” ಎನ್ನುತ್ತಿದ್ದ ತಮ್ಮ.

“ಬಾಯ್ಮುಚ್ಚೋ. ಹೊಸ ಗಂಟಲು ಸಿಗ್ತಿರಲಿಲ್ವಾ ಅವರಿಗೆ? ಹಳೇ ಗೆಳೆಯನ್ನ ಬಿಡಬಾರ್ದು ಅಂತ ಎಲ್ರೂ ಕೆಳಗಿಳಿದು ಬಂದಿದಾರೆ. ಕೇಳೋ ಕಿವಿ ಬೇಕು.”

“ಅರ್ಧ ಕಿವಿಯವನು ಹೇಳ್ತಾನಪ್ಪ!”

ಆಮೇಲೆ ತಮ್ಮನ ಶ್ವಾಸಕೋಶವೇ ಕೈಕೊಟ್ಟಿತು. ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಅವನನ್ನು ನಡೆಸಿಕೊಂಡು ಹೋಗುವಾಗ ಲೇತ್ ಅಣ್ಣ ಒಂದೊಂದೇ ಅಡಿಯಿಡುತ್ತಿದ್ದ. ತಮ್ಮನಿಗೆ ಉಸಿರು ಸಾಲದೆ ನಿಂತಲ್ಲೆಲ್ಲ ತಾನೂ ನಿಂತು, ಗೋಡೆಯ ಬಣ್ಣ ಸರಿಯಾಗಿ ಬಳಿದಿಲ್ಲವೆಂದು ಗೊಣಗುವ ನೆಪ ಹೂಡುತ್ತಿದ್ದ.

ತಮ್ಮ ಓರೆಗಣ್ಣಲ್ಲಿ ನೋಡಿ ನಕ್ಕ. “ಏನಣ್ಣ, ನೀನೂ ತಂತಿ ಸಡಿಲ ಮಾಡ್ಕೊಂಡ್ಯಾ?”

ಅಷ್ಟು ವರ್ಷದ ವಾದದಲ್ಲಿ ಅಣ್ಣ ಗೆದ್ದದ್ದು ಅದೊಂದೇ ಸಲ. ಗೆಲ್ಲಬಾರದಿತ್ತು ಎಂದು ಗೋಡೆಯತ್ತ ಮುಖ ತಿರುಗಿಸಿದ.

ತಮ್ಮ ಹೋದ ಮೇಲೆ ತಂಡದ ಇನ್ನೊಂದು ಆಲ್ಬಮ್ ಬಂತು. ಅಭ್ಯಾಸಬಲದಿಂದ ಕೈ ಎರಡೂ ಕುರ್ಚಿ ಬಿಡಿಸಿತು. ಹಾಡುವವನ ದನಿ ಮತ್ತಷ್ಟು ಕುಗ್ಗಿತ್ತು, ಗಿಟಾರುಗಳು ಇನ್ನೂ ಕೆಳಗಿಳಿದು ಅವನನ್ನು ಹೊತ್ತುಕೊಂಡಿದ್ದವು. ಹೊಗಳೋಣವೆಂದರೆ ಬೈಯುವವರೇ ಇಲ್ಲ. ಎರಡನೆಯ ಹಾಡಿಗೆ ಲೇತ್ ಅಣ್ಣನೇ ಬಾಯಿ ತೆರೆದ; ಗೂರಲಿನ ಮಾತು ನಾಲಿಗೆ ತನಕ ಬಂದದ್ದನ್ನು ನುಂಗಿಕೊಂಡು, ಉಳಿದದ್ದನ್ನು ಗಟ್ಟಿಯಾಗಿ ಹೇಳಿದ: “ಇವರು ಆವಾಗ್ಲೇ ನಿಲ್ಲಿಸ್ಬೇಕಿತ್ತು.” ಹೇಳಿ, ಉತ್ತರಕ್ಕೆ ಕಾದ.

ಆ ಸದ್ದನ್ನು ಬಾಳೆಲ್ಲ ಶಪಿಸಿದ ಹೆಂಡತಿ ಅಡುಗೆಮನೆಯಿಂದ ಬಂದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಮೈದುನನ ಕುರ್ಚಿಯಲ್ಲಿ ಕೂತಳು.

“ಸುಮ್ನಿರಿ,” ಎಂದಳು. “ಕೇಳೋ ಕಿವಿ ಬೇಕು.”

ಕೋಟು ಈಗಲೂ ಮೈಮೇಲಿದೆ. ನಡಿಗೆ ಮಾತ್ರ ಆ ಕಾರಿಡಾರಿನದೇ ಉಳಿದುಬಿಟ್ಟಿದೆ. ಮೆಚ್ಚಿದವರು ಇಳಿಯುವಾಗ ಇಂಥವರು ಜೊತೆಗೇ ಇಳಿಯುತ್ತಾರೆ. ಕೆಳಗೆ ಮುಟ್ಟಿದ ಮೇಲೆ ಪಕ್ಕ ಬರಿದೆಂದು ತಿಳಿದರೂ, ತಿರುಗಿ ಹತ್ತುವ ನಡಿಗೆ ಅವರಿಗೆ ಮರೆತುಹೋಗಿರುತ್ತದೆ.