ಮಾಮೂಲಿ ಟ್ಯೂಬು

ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಂತ ಕೂಡಲೇ ಚಾಲಕ ಇಳಿದು ಹಿಂದಿನ ಟೈರುಗಳ ಹತ್ತಿರ ಹೋಗಿ ಬಗ್ಗಿ ನೋಡುತ್ತಿದ್ದ. ಟೈರಿಗೆ ಏನೂ ಆಗಿರಲಿಲ್ಲ. ಯಾರ ಕಣ್ಣಿಗೂ ಬೀಳದಂತೆ ತೊಡೆಸಂದಿ ಕೆರೆದುಕೊಳ್ಳಲು ಇಡೀ ನಿಲ್ದಾಣದಲ್ಲಿ ಅವನಿಗೆ ಸಿಕ್ಕಿದ್ದು ಅದೊಂದೇ ಮರೆ.

"ಏನಣ್ಣಾ, ಟೈರಿನ ಮೇಲೆ ಇಷ್ಟೊಂದು ಪ್ರೀತಿ! ಅತ್ತಿಗೆಗೆ ಹೇಳ್ಬೇಕಾಗುತ್ತೆ ನೋಡು," ಎಂದು ಕಂಡಕ್ಟರ್ ಕಿಟಕಿಯಿಂದಲೇ ನಗೆಯಾಡುತ್ತಿದ್ದ. ಚಾಲಕ ತಾನೂ ನಕ್ಕಂತೆ ಮಾಡಿ ಮುಖ ಒರೆಸಿಕೊಳ್ಳುತ್ತಿದ್ದ.

ಆ ಸಲದ ಬೇಸಿಗೆ ಮೈ ಸುಡುತ್ತಿತ್ತು. ಪಕ್ಕದಲ್ಲೇ ಎಂಜಿನ್ನಿನ ಕಾವು, ಕೆಳಗೆ ರೆಕ್ಸಿನ್ ಸೀಟು, ದಪ್ಪ ಬಟ್ಟೆಯ ಪ್ಯಾಂಟು. ಬೆಳಿಗ್ಗೆ ಒದ್ದೆಯಾದದ್ದು ಸಂಜೆಯವರೆಗೂ ಆರುತ್ತಿರಲಿಲ್ಲ. ಮೊದಲು ಒಂದು ಕೆಂಪು ಮಚ್ಚೆ ಎದ್ದಿತು. ಆಮೇಲೆ ಅದು ಬಳೆಯಂತೆ ಅಗಲವಾಗುತ್ತಾ ಹೋಯಿತು. ಡಾಕ್ಟರ ಮುಂದೆ ಬಟ್ಟೆ ಸರಿಸಿ ಅದನ್ನು ತೋರಿಸುವುದನ್ನು ನೆನೆದರೇ ಅವನಿಗೆ ಬೆವರು ಇನ್ನಷ್ಟು ಕಿತ್ತುಬರುತ್ತಿತ್ತು. ಮೆಡಿಕಲ್ ಅಂಗಡಿಯವನಿಗೆ ಮೆಲ್ಲಗೆ, "ತುರಿಕೆಗೆ ಏನಾದ್ರೂ ಕೊಡಪ್ಪಾ," ಎಂದ. ಅವನು ಕೊಟ್ಟ ಟ್ಯೂಬು ಹಚ್ಚಿದರೆ ಒಂದೆರಡು ದಿನ ಸ್ವರ್ಗ. ಬಿಟ್ಟರೆ ಎರಡರಷ್ಟು ಉರಿ. ಮತ್ತೆ ಅದೇ ಟ್ಯೂಬು. ಸೆಖೆಯ ನೆಪ ಹೇಳಿ ಮಹಡಿಯ ಮೇಲೆ ಮಲಗತೊಡಗಿದ. ಹೆಂಡತಿಗೂ ಸುಳಿವು ಕೊಡಲಿಲ್ಲ.

ಹೆಂಡತಿ ಹತ್ತಿರದ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಒಂದು ದಿನ ಅವಳು ಮಧ್ಯಾಹ್ನಕ್ಕೇ ಮನೆಗೆ ಬಂದಳು. ಅಷ್ಟು ಬಿಸಿಲಿನಲ್ಲೂ ಅವಳ ರವಿಕೆಯ ತೋಳು ಮಣಿಕಟ್ಟಿನವರೆಗೆ ಇತ್ತು. ಮಕ್ಕಳ ಕೈ ತೊಳೆಸುವಾಗ ತೋಳು ಮೇಲೆ ಸರಿದು ಅಲ್ಲಿದ್ದ ಕೆಂಪು ಬಳೆಗಳು ಒಬ್ಬ ತಾಯಿಯ ಕಣ್ಣಿಗೆ ಬಿದ್ದಿದ್ದವು. ವಾಸಿಯಾಗುವವರೆಗೆ ಬರುವುದು ಬೇಡ ಎಂದು ಮೇಲ್ವಿಚಾರಕಿ ಹೇಳಿ ಕಳುಹಿಸಿದ್ದಳು.

ಅತ್ತೆಗೆ ಅಷ್ಟೇ ಸಾಕಾಯಿತು. ಸೊಸೆ ಕೆಲಸಕ್ಕೆ ಹೋಗುವುದು ಆಕೆಗೆ ಮೊದಲಿಂದಲೂ ಸರಿಬರುತ್ತಿರಲಿಲ್ಲ.

"ಯಾರ್ಯಾರದೋ ಮಕ್ಕಳನ್ನ ಎತ್ತಿ ಆಡಿಸಿದ್ರೆ ಇನ್ನೇನಾಗುತ್ತೆ? ನಮ್ಮ ಮನೇಲಿ ಯಾರಿಗೂ ಇರ್ಲಿಲ್ಲ ಇಂಥ ಕೊಳಕು. ಇವತ್ತಿಂದ ಮಗು ನನ್ನ ಹತ್ರ ಮಲಗ್ಲಿ. ನಿನ್ನ ತಟ್ಟೆ ಲೋಟ ಬೇರೆ ಇಟ್ಕೋ."

"ಅತ್ತೇ, ನಾನು ದಿನಾ ಎರಡು ಸಲ ಸ್ನಾನ ಮಾಡ್ತೀನಿ."

"ಮಾಡಿದ್ರೆ ಇದು ಬರ್ತಿತ್ತಾ?"

ಸೊಸೆ ಗಂಡನ ಮುಖ ನೋಡಿದಳು. ಕೆಲಸದಿಂದ ಆಗತಾನೇ ಬಂದಿದ್ದ ಅವನು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವನಂತೆ ತಲೆ ತಗ್ಗಿಸಿದ. ಬಚ್ಚಲುಮನೆಯ ಗೂಟದಲ್ಲಿ ಇದ್ದದ್ದು ಒಂದೇ ಟವೆಲ್ಲು. ಅವನು ಒರೆಸಿಕೊಂಡ ಮೇಲೆ ಅವಳೂ ಅದರಲ್ಲೇ ಒರೆಸಿಕೊಳ್ಳುತ್ತಿದ್ದಳು. ಇದು ಎಲ್ಲಿಂದ ಬಂತೆಂದು ಆ ಮನೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಅಮ್ಮನ ಎದುರು "ನನಗೆ ಇಲ್ಲಿ ಆಗಿದೆ" ಎನ್ನುವುದು ಹೇಗೆ? ಮೆಟ್ಟಿಲು ಹತ್ತಿ ಮಹಡಿಗೆ ಹೋದ. ಆ ರಾತ್ರಿ ಮಗಳು ಅಜ್ಜಿಯ ಕೋಣೆಯಿಂದ "ಅಮ್ಮಾ" ಎಂದು ಅಳುತ್ತಿದ್ದುದು ಮಹಡಿಯವರೆಗೂ ಕೇಳಿಸಿತು.

ವಾರದ ರಜೆಯ ದಿನ ಅವನೇ ಅವಳನ್ನು ಚರ್ಮದ ಡಾಕ್ಟರಲ್ಲಿಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ಅವಳ ತೋಳು, ಸೊಂಟ ನೋಡಿ, "ಹುಳುಕಡ್ಡಿ ಇದು. ಬೇಸಿಗೇಲಿ ಬೆವರಿಗೆ ಬೇಗ ಹಬ್ಬುತ್ತೆ. ಮನೇಲಿ ಬೇರೆ ಯಾರಿಗಾದ್ರೂ ಇದೆಯಾ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ. ನನಗೊಬ್ಬಳಿಗೇ," ಎಂದಳು ಅವಳು, ತಪ್ಪು ಒಪ್ಪಿಕೊಳ್ಳುವವಳ ದನಿಯಲ್ಲಿ.

ಡಾಕ್ಟರಮ್ಮ ಅವನ ಕಡೆ ತಿರುಗಿದರು. ಅವನು ಗೋಡೆಯ ಮೇಲಿನ ಚಿತ್ರ ನೋಡುತ್ತಾ ಇಲ್ಲವೆಂದು ತಲೆಯಾಡಿಸಿದ.

ಬೀದಿ ದಾಟಿದರೆ ಮೆಡಿಕಲ್ ಅಂಗಡಿ. ಅವನು ಯಾವಾಗಲೂ ಹೋಗುವ ಅಂಗಡಿಯೇ ಅದು. ಚೀಟಿ ಹೆಂಡತಿಯ ಕೈಯಲ್ಲಿತ್ತು. ಇನ್ನೊಂದು ಅಂಗಡಿಗೆ ಹೋಗೋಣ ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಮೆಟ್ಟಿಲು ಹತ್ತಿಬಿಟ್ಟಿದ್ದಳು. ಅಂಗಡಿಯವನು ಔಷಧಿಗಳನ್ನು ಪೊಟ್ಟಣಕ್ಕೆ ಹಾಕಿ, ಅವಳ ಹಿಂದೆ ನಿಂತವನನ್ನು ನೋಡಿ ಅಕ್ಕರೆಯಿಂದಲೇ ಕೇಳಿದ: "ಅಣ್ಣಾ, ನಿಮ್ಮ ಮಾಮೂಲಿ ಟ್ಯೂಬೂ ಹಾಕ್ಲಾ?"

"ಯಾವ ಟ್ಯೂಬು?" ಅವಳು ಕೇಳಿದಳು.

"ಅದೇ ಅಕ್ಕಾ, ತುರಿಕೆದು. ಬೇಸಿಗೆ ಶುರುವಾದಾಗಿಂದ ಅಣ್ಣ ಅದನ್ನೇ ಅಲ್ವಾ ಒಯ್ಯೋದು."

ಅವನ ಕಿವಿ ಕೆಂಪಾಯಿತು. ನೆಲ ಬಾಯಿಬಿಟ್ಟಿದ್ದರೆ ಆ ಕ್ಷಣ ಒಳಗೆ ಇಳಿದುಬಿಡುತ್ತಿದ್ದ. ಅವಳು ಪೊಟ್ಟಣ ತೆಗೆದುಕೊಂಡು ಇಳಿದು, ಅಂಗಡಿಯ ನೆರಳು ಮುಗಿಯುವ ಕಡೆ ನಿಂತಳು.

"ಎಲ್ಲಿ ಆಗಿದೆ?"

ಅವನು ಹೇಳಿದ.

"ನಾನು ಬೇರೆ ತಟ್ಟೇಲಿ ಊಟ ಮಾಡ್ತಿದ್ದಾಗ, ಮಗು ಅಲ್ಲಿ ಅಳ್ತಿದ್ದಾಗ, ನಿಮಗೆ ಗೊತ್ತಿತ್ತು."

"ನಾಚಿಕೆ ಆಯ್ತು ಕಣೇ."

"ನನಗೂ ಆಯ್ತು ರೀ. ಆದ್ರೆ ನನಗೆ ಮುಚ್ಕೊಳ್ಳೋಕೆ ಯಾರೂ ಬಿಡಲಿಲ್ಲ."

ಅವಳು ಕೂಗಾಡಿದ್ದರೆ ಅವನಿಗೆ ಹಗುರವೆನಿಸುತ್ತಿತ್ತೇನೋ. ಅವಳು ಅಷ್ಟು ಹೇಳಿ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡಳು. ಅವನು ಡಾಕ್ಟರಲ್ಲಿಗೆಂದು ಮತ್ತೆ ಬೀದಿ ದಾಟಿದ. ಹಿಂದೆ ಅವಳ ಹೆಜ್ಜೆಯ ಸದ್ದು ಕೇಳಿಸಿತು.

ಡಾಕ್ಟರಮ್ಮ ಪರದೆ ಎಳೆದು ಪರೀಕ್ಷಿಸಿದರು. ಅವನು ಅಂದುಕೊಂಡಿದ್ದ ಯಾವ ಅವಮಾನವೂ ಅಲ್ಲಿ ನಡೆಯಲಿಲ್ಲ. ಟ್ಯೂಬಿನ ವಿಷಯ ಕೇಳಿದಾಗ ಮಾತ್ರ ಅವರ ಹುಬ್ಬು ಗಂಟಿಕ್ಕಿತು.

"ಅದರಲ್ಲಿ ಸ್ಟೀರಾಯ್ಡ್ ಇದೆ. ತುರಿಕೆ ಅಡಗಿಸುತ್ತೆ, ರೋಗ ಒಳಗೊಳಗೇ ಬೆಳೆಯುತ್ತೆ. ಅದನ್ನ ಇನ್ನು ಮುಟ್ಟಬೇಡಿ. ಇಬ್ಬರೂ ಒಟ್ಟಿಗೇ ಔಷಧಿ ತಗೊಳ್ಳಿ, ಇಲ್ಲದಿದ್ರೆ ಅವರಿಂದ ಇವರಿಗೆ ಓಡಾಡ್ತಾನೇ ಇರುತ್ತೆ. ತುರಿಕೆ ನಿಂತಿತು ಅಂತ ಮಧ್ಯದಲ್ಲಿ ಬಿಡಬೇಡಿ. ಟವೆಲ್ಲು ಬೇರೆ ಬೇರೆ ಇರಲಿ. ಬಟ್ಟೆ ಬಿಸಿನೀರಲ್ಲಿ ಒಗೆದು ಚೆನ್ನಾಗಿ ಬಿಸಿಲಲ್ಲಿ ಒಣಗಿಸಿ. ಒಳಗೆ ಸಡಿಲವಾದ ಹತ್ತಿ ಬಟ್ಟೆ ಹಾಕಿ, ಬೆವರಿ ಒದ್ದೆಯಾದ್ರೆ ಬದಲಾಯಿಸಿ."

"ತಟ್ಟೆ ಲೋಟ?" ಎಂದು ಹೆಂಡತಿ ಕೇಳಿದಳು.

"ತಟ್ಟೆ ಏನು ಮಾಡಿತಮ್ಮಾ ಪಾಪ? ಅದನ್ನ ಬೇರೆ ಇಡೋದೇನೂ ಬೇಡ."

ಮನೆಗೆ ಬಂದಾಗ ಅಮ್ಮ ತರಕಾರಿ ಹೆಚ್ಚುತ್ತಿದ್ದಳು. ಅವನು ಅಡುಗೆಮನೆಯ ಬಾಗಿಲಲ್ಲೇ ನಿಂತು, ಧೈರ್ಯ ಕರಗುವ ಮೊದಲೇ ಹೇಳಿಬಿಟ್ಟ. "ಅಮ್ಮಾ, ಇದು ಅವಳಿಗೆ ಶಿಶುವಿಹಾರದಿಂದ ಬಂದಿದ್ದಲ್ಲ. ನನ್ನಿಂದ ಬಂದಿದ್ದು. ನನಗೆ ಬೇಸಿಗೆ ಶುರುವಾದಾಗಿಂದ ಇದೆ."

ಅಮ್ಮನ ಕೈ ನಿಂತಿತು. "ಗಂಡಸು, ಬಿಸಿಲಲ್ಲಿ ದುಡೀತೀಯ. ಬೆವರುತ್ತೆ. ಅದಕ್ಕೇನೀಗ?" ಎಂದಳು ತುಸು ತಡವರಿಸಿ.

"ನನಗಾದ್ರೆ ಬೆವರು, ಅವಳಿಗಾದ್ರೆ ಕೊಳಕಾ ಅಮ್ಮಾ?"

ಅಮ್ಮ ತರಕಾರಿಯ ತಟ್ಟೆಯನ್ನು ಸುಮ್ಮನೆ ಅತ್ತಿತ್ತ ಸರಿಸಿದಳು. ಅಂದು ಊಟಕ್ಕೆ ಎಲ್ಲರ ತಟ್ಟೆಗಳೂ ಒಂದೇ ಸಾಲಿನಲ್ಲಿ ಬಂದವು. ಮಗಳು ತಾಯಿಯ ಪಕ್ಕದಲ್ಲಿ ಕುಳಿತು ಉಂಡಳು. ಸೊಸೆ ಗಂಡನ ಜೊತೆ ಮಾತ್ರ ಇನ್ನೂ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದಳು. ಅದು ತನಗೆ ತಕ್ಕದ್ದೇ ಎಂದು ಅವನು ಒಪ್ಪಿಕೊಂಡ. ಕೆಲಸಕ್ಕೆ ಹೋಗುವ ಮೊದಲು ನೀರು ಕಾಯಿಸಿ, ಟವೆಲ್ಲು ಒಳಬಟ್ಟೆಗಳನ್ನು ತಾನೇ ಒಗೆದು ಮಹಡಿಯ ಬಿಸಿಲಿಗೆ ಹರವತೊಡಗಿದ. ಅಮ್ಮ ಕೆಳಗಿನಿಂದ ತಲೆಯೆತ್ತಿ ಅದನ್ನು ನೋಡುತ್ತಿದ್ದಳು.

ಮುಂದಿನ ರಜೆಯ ದಿನ ಅವನು ಮಹಡಿಯಿಂದ ಇಳಿದು ಬಂದಾಗ ಅತ್ತೆ ಸೊಸೆ ಇಬ್ಬರೂ ಹೊರಡಲು ಸಿದ್ಧರಾಗಿದ್ದರು. ಹೆಂಡತಿಯ ತೋಳಿನ ಕೆಂಪು ಎಷ್ಟೋ ಮಾಸಿತ್ತು. ಮಗಳು ಅಜ್ಜಿಯ ಕಂಕುಳಲ್ಲಿದ್ದಳು.

"ಎಲ್ಲಿಗೆ?" ಎಂದು ಕೇಳಿದ.

"ಇಲ್ಲೇ, ಸುಮ್ನೆ ಸ್ವಲ್ಪ ಕೆಲಸ..." ಎಂದು ಹೆಂಡತಿ ಮಾತು ಹಾರಿಸಲು ನೋಡಿದಳು.

"ಬಿಡಮ್ಮಾ," ಎಂದಳು ಅತ್ತೆ. ಮಗನ ಮುಖ ನೋಡದೆ, ಮಗುವನ್ನು ಅವನ ಕೈಗೆ ದಾಟಿಸುತ್ತಾ ಹೇಳಿದಳು. "ಚರ್ಮದ ಡಾಕ್ಟ್ರ ಹತ್ರ. ನನಗೂ ಇದೆ ಕಣೋ. ಎದೆ ಕೆಳಗೆ. ಪ್ರತಿ ಬೇಸಿಗೇಲೂ ಏಳುತ್ತೆ. ನಿಮ್ಮಪ್ಪನಿಗೂ ಹೇಳಿರ್ಲಿಲ್ಲ."

ಅವನು ಮಗಳನ್ನು ಎದೆಗೆ ಒತ್ತಿಕೊಂಡು ಬಾಗಿಲು ಅಗಲವಾಗಿ ತೆರೆದ. ಹೊರಗೆ ಬಿಸಿಲು ಆಗಲೇ ಏರಿತ್ತು. ಸೊಸೆ ಕೊಡೆ ಬಿಚ್ಚಿ ಅತ್ತೆಯ ತಲೆಯ ಮೇಲೆ ಹಿಡಿದಳು. ಬೀದಿಯ ತಿರುವಿನಲ್ಲಿ ಅಮ್ಮ ನಿಂತು ಮೆಲ್ಲಗೆ ಕೇಳಿದ್ದು ಅವನವರೆಗೂ ಬಂತು.

"ಡಾಕ್ಟ್ರು ಹೆಂಗಸರೇ ತಾನೇ?"

"ಹೆಂಗಸರೇ ಅತ್ತೆ. ನಾನೂ ಒಳಗೆ ಜೊತೇಲಿರ್ತೀನಿ, ಬನ್ನಿ."