ಎಲೆ ಸವರಿದ ಬೇರು

ಆಸ್ಪತ್ರೆಯ ಡಾಕ್ಟರು ಕಾಗದದ ಪೊಟ್ಟಣ ಬಿಚ್ಚಿ ಇತ್ತೋಳ ಮುಂದೆ ಹಿಡಿದರು. ಒಳಗೆ ಹೆಬ್ಬೆರಳು ಗಾತ್ರದ ಬೇರು, ಅರ್ಧ ಕಚ್ಚಿದ್ದು. ಉಳಿದರ್ಧ ಅಕ್ಕನ ಮಗಳು ತೂದಾಳ ಹೊಟ್ಟೆ ಸೇರಿತ್ತು. ಏಳು ವರ್ಷದ ಹುಡುಗಿ ಬೆಳಗಿನಿಂದ ವಾಂತಿ ಮಾಡಿ ಮಾಡಿ ಈಗ ಕರೆದರೂ ಕಣ್ಣು ಬಿಡುತ್ತಿರಲಿಲ್ಲ.

"ನೀವು ಗಿಡಗಳ ಬಗ್ಗೆ ಓದಿದವರಂತೆ. ಇದೇನು ಹೇಳಿ."

ಇತ್ತೋ ಫೆಜ್ ನಗರದಲ್ಲಿ ಓದು ಮುಗಿಸಿ ಊರಿಗೆ ಮರಳಿದಾಗ ಅಕ್ಕನ ಅತ್ತೆ ಫದ್ಮಾ ನಕ್ಕಿದ್ದಳು: "ಮುಳ್ಳುಗಿಡ ಓದೋಕೆ ಅಷ್ಟು ದೂರ ಹೋಗ್ಬೇಕಿತ್ತೇನೇ? ನಮ್ಮ ಕತ್ತೆ ಇಲ್ಲೇ ಓದ್ಕೊಂಡಿದೆ." ಈಗ ಆ ಮುದುಕಿಯೂ ಅವಳ ಬಾಯನ್ನೇ ನೋಡುತ್ತಿದ್ದಳು.

"ಖರ್ಷೂಫೇ ಕಣೇ," ಅಂದಳು ಅಕ್ಕ ಹದ್ದಾ. "ನಿನ್ನೆ ನಾನೇ ಗುಡ್ಡದಲ್ಲಿ ಅಗೆದದ್ದು. ಮಿಕ್ಕಿದ್ದೆಲ್ಲ ಮಾಂಸದ ಜೊತೆ ಬೇಯಿಸಿ ತಿಂದ್ವಲ್ಲ, ನಮಗೇನಾಯ್ತು? ಇವಳು ಹೆಚ್ಚೋವಾಗ ಹಸೀದೊಂದು ಎತ್ಕೊಂಡ್ಳು, ಅಷ್ಟೇ."

"ಎಲೆ ಇದೆಯಾ?"

"ಮುಳ್ಳು ಯಾರು ಹೊರ್ತಾರೆ? ಅಲ್ಲೇ ಸವರಿ ಬಿಸಾಕಿದೆ."

ಎಲ್ಲರೂ ಮಾಡುವುದು ಹಾಗೆಯೇ. ಚಳಿಗಾಲದ ಮಳೆ ನಿಂತ ಹೊಸತರಲ್ಲಿ ಖರ್ಷೂಫೂ ಅದ್ದಾದೂ ನೆಲಕ್ಕಂಟಿಕೊಂಡು ಮುಳ್ಳೆಲೆ ಹರಡಿ ಕೂತಿರುತ್ತವೆ. ಖರ್ಷೂಫ್ ಅಡುಗೆಗೆ. ಅದ್ದಾದ್‌ನ ಬೇರು ವಿಷ; ಅದನ್ನು ದೃಷ್ಟಿ ತೆಗೆಯಲು ಕೆಂಡಕ್ಕೆ ಹಾಕುತ್ತಾರೆ, ಬಾಯಿಗಲ್ಲ. ಅಗೆದ ರಾಶಿಯಲ್ಲಿ ಒಂದೇ ಒಂದು ಅದ್ದಾದ್ ಸೇರಿದ್ದರೂ, ಯಾವುದು ಯಾವುದೆಂದು ಹೇಳಬೇಕಾದ ಎಲೆ ಗುಡ್ಡದಲ್ಲೇ ಉಳಿದಿತ್ತು.

ಇತ್ತೋ ಬ್ಲೇಡು ಕೇಳಿ ಪಡೆದು ಬೇರನ್ನು ಸೀಳಿದಳು. ಬಿಳಿ ಹಾಲು ಜಿನುಗಿತು. ಬೆರಳುಗಳ ನಡುವೆ ಉಜ್ಜಿದಳು. ಸ್ವಲ್ಪ ಹೊತ್ತಿಗೆ ಬೆರಳು ಬಿಡಿಸಲು ಎಳೆಯಬೇಕಾಯಿತು. ಇನ್ನೊಂದು ಕಡೆ ಸೀಳಿದಳು. ಅಲ್ಲಿಯೂ ಅದೇ ಅಂಟು, ಖರ್ಷೂಫಿನ ಬೇರಿನಲ್ಲಿ ಇರದಂಥದ್ದು.

"ಅದ್ದಾದ್," ಅಂದಳು.

ಫದ್ಮಾ ಬೇರಿನಿಂದ ದೂರ ಸರಿದು ನಿಂತಳು. ಡಾಕ್ಟರು ಬರೆದುಕೊಂಡರು.

"ಗೊತ್ತಾಯ್ತಲ್ಲ ಸಾರ್, ಇನ್ನು ಔಷಧಿ ಕೊಡಿ," ಅಂದಳು ಹದ್ದಾ.

"ಇದಕ್ಕೆ ಮದ್ದಿಲ್ಲಮ್ಮ. ಸಕ್ಕರೆ ನೀರು ಏರಿಸ್ತಾ ಇದ್ದೀವಿ. ಲಿವರ್ ತಡ್ಕೊಂಡ್ರೆ ನೋಡೋಣ."

ಇತ್ತೋಗೆ ಅದೂ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದಿದ್ದಳು, ಒಳ್ಳೆಯ ಅಂಕವೇ ಬಂದಿತ್ತು.

ಡಾಕ್ಟರು ಹೋದ ಮೇಲೆ ಹದ್ದಾ ತಂಗಿಯ ಮಣಿಕಟ್ಟು ಹಿಡಿದುಕೊಂಡಳು.

"ಇನ್ನೊಂದ್ಸಲ ನೋಡೇ. ಅವಸರ ಮಾಡ್ಬೇಡ. ಬೇರೆ ಏನಾದ್ರೂ ಇರ್ಬೋದು."

ಇತ್ತೋ ಬೇರನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸೀಳಿದ ಜಾಗ ಆಗಲೇ ಕಂದುತ್ತಿತ್ತು. ಅಕ್ಕನ ಹಿಡಿತ ಸಡಿಲಲಿಲ್ಲ.

"ನೋಡ್ತಾ ಇದ್ದೀನಿ ಅಕ್ಕ," ಅಂದಳು.